ಕಲ್ಲು ಓದಲು ಬರುವ ಮಕ್ಕಳಿಗೆ ಗೇಟು ತೆರೆಯೋಣ

ಕಳೆದ ಏಪ್ರಿಲ್ ತಿಂಗಳಲ್ಲಿ, ಹೂಮಳೆ ಬಿದ್ದು ಕಾಫಿಯ ಹೂವು ಉದುರಿ ಕಾಯಿ ಕಚ್ಚುವ ಹೊತ್ತಿಗೆ, ನಮ್ಮ ಸಂಘದ ಗೋದಾಮಿನ ಮುಂದೆ ಒಂದು ಮಿನಿಬಸ್ಸು ಬಂದು ನಿಂತಿತು. ಅದರಿಂದ ಇಳಿದವರು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ 11 ಮಂದಿ ವಿದ್ಯಾರ್ಥಿಗಳು ಮತ್ತು ಅವರ ಇಬ್ಬರು ಅಧ್ಯಾಪಕರು. ಕೈಯಲ್ಲಿ ಸುತ್ತಿಗೆ, ಸೊಂಟದಲ್ಲಿ ದಿಕ್ಸೂಚಿ, ಬಗಲಲ್ಲಿ ನಕ್ಷೆಯ ಸುರುಳಿ. ಬೇಸಿಗೆಯ ಕ್ಷೇತ್ರ ತರಬೇತಿಗೆಂದು ಬಂದಿದ್ದ ಅವರನ್ನು ಬೆಳಗಿನಿಂದ ಮೂರು ತೋಟಗಳ ಗೇಟಿನಿಂದಲೇ ವಾಪಸು ಕಳಿಸಲಾಗಿತ್ತು. ಒಬ್ಬರು "ಯಾವ ಗಣಿ ಕಂಪನಿಯವರು ನೀವು?" ಎಂದು ಕೇಳಿದ್ದರು. ಇನ್ನೊಬ್ಬರು "ಕಸ್ತೂರಿರಂಗನ್ ಸರ್ವೆಯವರೋ?" ಎಂದು ಗದರಿದ್ದರು. ಮೂರನೆಯವರು ಮಾತೇ ಆಡದೆ ನಾಯಿ ಬಿಟ್ಟಿದ್ದರು. ಮೂವರೂ ನಮ್ಮ ಸಂಘದ ಸದಸ್ಯರೇ, ಸಜ್ಜನರೇ. ಆದ್ದರಿಂದಲೇ ಈ ವಿಷಯವನ್ನು ಇಲ್ಲಿ ಬರೆಯಬೇಕಾಗಿದೆ.

ಅಡಿಕೆ ಧಾರಣೆ, ಕೊಳೆರೋಗ, ಕಾಂಡಕೊರಕ, ಗೊಬ್ಬರದ ಸರಬರಾಜು ಇವುಗಳನ್ನು ಈ ಪುಟಗಳಲ್ಲಿ ಓದಿ ರೂಢಿಯಾದ ಬೆಳೆಗಾರ ಬಾಂಧವರಿಗೆ, ವಿಶ್ವವಿದ್ಯಾನಿಲಯದ ಹುಡುಗರ ಪಾಠದ ವಿಚಾರ ನಮಗೇಕೆ ಎನ್ನಿಸಬಹುದು. ಆ ಪಾಠ ನಡೆಯಬೇಕಾದದ್ದು ನಮ್ಮ ತೋಟದಲ್ಲಿಯೇ. ಅದರಿಂದ ಆ ಮಕ್ಕಳಿಗಿಂತ ನಮಗೇ ಹೆಚ್ಚು ಪ್ರಯೋಜನ ಎಂಬುದು ನಮ್ಮ ಅಭಿಪ್ರಾಯ. ಕಾರಣಗಳನ್ನು ಹೇಳುತ್ತೇವೆ.

ಮೊದಲು ಈ ಕ್ಷೇತ್ರ ತರಬೇತಿ ಎಂದರೇನೆಂದು ತಿಳಿಯಬೇಕು. ವೈದ್ಯ ಓದುವವನಿಗೆ ಆಸ್ಪತ್ರೆ ಹೇಗೋ, ಭೂವಿಜ್ಞಾನ ಓದುವವನಿಗೆ ಬೆಟ್ಟ ಹಾಗೆ. ವರ್ಷವೆಲ್ಲ ತರಗತಿಯಲ್ಲಿ ಕುಳಿತು ಓದಿದ್ದನ್ನು ಬೇಸಿಗೆಯಲ್ಲಿ ಕೆಲವು ವಾರ ಊರೂರು ನಡೆದು ಕಣ್ಣಾರೆ ಕಾಣಬೇಕು. ಒಂದು ತುಂಡು ನಾಡನ್ನು ಗೊತ್ತುಮಾಡಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಹಳ್ಳಕೊಳ್ಳ ಹತ್ತಿ ಇಳಿದು, ಯಾವ ಬಂಡೆ ಎಲ್ಲಿದೆ, ಅದರ ಪದರ ಯಾವ ದಿಕ್ಕಿಗೆ ಹಾಯ್ದಿದೆ, ಯಾವ ಕಡೆಗೆ ಎಷ್ಟು ಡಿಗ್ರಿ ವಾಲಿದೆ, ಬಿರುಕು ಎಲ್ಲಿದೆ, ಮಣ್ಣು ಎಷ್ಟು ಆಳವಿದೆ ಎಂದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ರಾತ್ರಿ ಲಾಂದ್ರವೋ ದೀಪವೋ ಇಟ್ಟುಕೊಂಡು ಅದನ್ನೆಲ್ಲ ನಕ್ಷೆಯ ಮೇಲೆ ಇಳಿಸಬೇಕು. ಅಮೆರಿಕದಲ್ಲಿ ಇಂತಹ ಬೇಸಿಗೆ ಶಿಬಿರ ಸಾಮಾನ್ಯವಾಗಿ ಆರು ವಾರಗಳದು. ಅಲ್ಲಿನ ಮಿಸೌರಿ ವಿಶ್ವವಿದ್ಯಾನಿಲಯ ವಯೋಮಿಂಗ್ ರಾಜ್ಯದ ಲ್ಯಾಂಡರ್ ಊರಿನ ಬಳಿ 1911ರಿಂದ ಶಿಬಿರ ನಡೆಸಿಕೊಂಡು ಬಂದಿದೆ. ನಮ್ಮಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ತಮ್ಮ ಹೊಸ ಅಧಿಕಾರಿಗಳನ್ನು ತಯಾರು ಮಾಡಲು ಚಿತ್ರದುರ್ಗದಲ್ಲಿಯೇ ಒಂದು ಕ್ಷೇತ್ರ ತರಬೇತಿ ಕೇಂದ್ರವನ್ನು ಇಟ್ಟಿದ್ದಾರೆ. 2020ರ ಬೇಸಿಗೆಯಲ್ಲಿ ಕೋವಿಡ್ ಕಾರಣದಿಂದ ಅನೇಕ ದೇಶಗಳಲ್ಲಿ ಈ ಶಿಬಿರಗಳು ನಿಂತು, ವಿದ್ಯಾರ್ಥಿಗಳು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಬಂಡೆಯ ಚಿತ್ರ ನೋಡಿ ಕಲಿಯಬೇಕಾಯಿತು. ಈಜು ಕಲಿಯಲು ಪುಸ್ತಕ ಓದಿದ ಹಾಗಾಯಿತು ಅದು.

ಕಾಲ್ನಡಿಗೆಯ ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂವಿಜ್ಞಾನಿ ದಕ್ಷಿಣ ಭಾರತವನ್ನು ಸುತ್ತಿ, ಇಲ್ಲಿನ ಹಳೆಯ ಶಿಲಾಸಮೂಹಕ್ಕೆ 1880ರ ದಶಕದಲ್ಲಿ ಧಾರವಾಡದ ಹೆಸರನ್ನೇ ಇಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಹೊಣೆ ಹೊತ್ತವರೂ ಅವರೇ. ನಮ್ಮ ಕಾಫಿಯ ತವರಾದ ಬಾಬಾಬುಡನ್ ಗಿರಿಯ ಹೆಸರು ಭೂವಿಜ್ಞಾನದ ಪಠ್ಯಪುಸ್ತಕಗಳಲ್ಲಿಯೂ ಇದೆ. ಅಲ್ಲಿನ 270-290 ಕೋಟಿ ವರ್ಷ ಹಳೆಯ ಶಿಲೆಗಳಿಗೆ 'ಬಾಬಾಬುಡನ್ ಸಮೂಹ' ಎಂದೇ ಹೆಸರು. ಆ ಬೆಟ್ಟದ ತಪ್ಪಲಿನಲ್ಲಿ ಕಾಫಿ ಬೆಳೆಯುವ ನಮಗೆ ಮಾತ್ರ ಕಾಲಡಿಯಲ್ಲಿ ಏನಿದೆಯೆಂದು ಗೊತ್ತಿಲ್ಲ.

ಹಾಗಿದ್ದರೆ ಈ ವಿದ್ಯಾರ್ಥಿಗಳು ಮಲೆನಾಡಿಗೆ ಯಾಕೆ ಹೆಚ್ಚಾಗಿ ಬರುವುದಿಲ್ಲ? ಬಂಡೆ ಬಯಲಾಗಿ ಕಾಣುವ ಒಣ ನಾಡಿನಲ್ಲಿ ಕಲಿಯುವುದು ಸುಲಭ. ಚಿತ್ರದುರ್ಗದಲ್ಲೋ ಸಂಡೂರಿನಲ್ಲೋ ಕಣ್ಣು ಹಾಯಿಸಿದಲ್ಲಿ ಕಲ್ಲು. ನಮ್ಮಲ್ಲಿ ಹಾಗಲ್ಲ. ಮೇಲೆ ದರಗು, ಅದರ ಕೆಳಗೆ ಕಪ್ಪು ಮಣ್ಣು, ಕೆಮ್ಮಣ್ಣು, ಜಂಬಿಟ್ಟಿಗೆ, ಅದರಡಿಯಲ್ಲಿ ಶೇಡಿಮಣ್ಣು, ಅದಕ್ಕೂ ಕೆಳಗೆ ಎಲ್ಲೋ ಗಟ್ಟಿ ಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬಾತ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಕತ್ತರಿಸಿ ಒಣಗಿಸಿದರೆ ಗಟ್ಟಿಯಾಗುವ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ನಮ್ಮ 'ಜಂಬಿಟ್ಟಿಗೆ' ಎಂಬ ಮಾತಿನಲ್ಲಿಯೂ ಇಟ್ಟಿಗೆ ಇದ್ದೇ ಇದೆ. ಜಂಬಿಟ್ಟಿಗೆ ತನ್ನ ಮೈಯ ತೂತುಗಳಿಂದ ನೀರನ್ನು ಕೆಳಕ್ಕೆ ಬಿಡುತ್ತದೆ. ಶೇಡಿಮಣ್ಣು ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಇಳಿಜಾರಿನಲ್ಲಿ ಇವೆರಡೂ ಒಂದರ ಮೇಲೊಂದು ಕುಳಿತಿದ್ದರೆ, ವಾರಗಟ್ಟಲೆ ಮಳೆ ಹಿಡಿದಾಗ ಏನಾಗಬಹುದೆಂದು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2018ರ ಆಗಸ್ಟ್ ತಿಂಗಳನ್ನು ಕೊಡಗಿನ ಬಾಂಧವರು ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮದೆನಾಡು, ಹೆಬ್ಬೆಟ್ಟಗೇರಿ ಕಡೆಗಳಲ್ಲಿ ಬೆಟ್ಟಗಳೇ ಕಾಫಿ ಗಿಡಗಳ ಸಮೇತ ಜಾರಿ ಬಂದವು. ಸ್ಥಳ ನೋಡಿದ ಭೂವಿಜ್ಞಾನಿಗಳು, ವಿಪರೀತ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದರು. 2019ರಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಸರದಿ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಅದೇ ತಿಂಗಳ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ತೋಟದ ಕೆಲಸಗಾರರ ಪಾಡಿಗಳೂ ಉಳಿಯಲಿಲ್ಲ. ಅದೇ ಮುಂಡಕ್ಕೈಯಲ್ಲಿ 1984ರಲ್ಲಿಯೂ ಬೆಟ್ಟ ಜಾರಿತ್ತು. ಹತ್ತಿರದ ಪುತ್ತುಮಲದಲ್ಲಿ 2019ರಲ್ಲಿ ಜಾರಿತ್ತು. ಬೆಟ್ಟ ಮುಂಚೆಯೇ ಹೇಳಿತ್ತು. ಹಳೆಯ ಜಾರಿಕೆಯ ಗಾಯ ನೆಲದ ಮೇಲೆ ಉಳಿದಿರುತ್ತದೆ. ಅದನ್ನು ಓದುವ ಕಣ್ಣು ಬೇಕು. ಬೇಸಿಗೆಯ ಶಿಬಿರದಲ್ಲಿ ಕಲಿಸುವುದು ಆ ಓದನ್ನೇ.

ಇದಕ್ಕೆಲ್ಲ ಸರ್ಕಾರ ನಕ್ಷೆ ಮಾಡಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಿದೆ. ಸರ್ವೇಕ್ಷಣಾ ಇಲಾಖೆಯವರು ಭೂಕುಸಿತದ ಸಂಭವ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ತೋರಿಸುವ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ತಯಾರಿಸಿದ್ದಾರೆ. ದೊಡ್ಡ ಕೆಲಸವೇ ಸರಿ. ಆದರೆ ಲೆಕ್ಕ ಹಾಕಿ ನೋಡಿ. ಆ ನಕ್ಷೆಯಲ್ಲಿ 1 ಸೆಂಟಿಮೀಟರು ಎಂದರೆ ನೆಲದ ಮೇಲೆ 500 ಮೀಟರು. 5 ಎಕರೆಯ ಚೌಕವಾದ ಒಂದು ಹಿಡುವಳಿಯ ಪಕ್ಕ ಸುಮಾರು 142 ಮೀಟರು. ನಕ್ಷೆಯ ಮೇಲೆ ಅದು 3 ಮಿಲಿಮೀಟರೂ ಆಗುವುದಿಲ್ಲ. ಒಂದು ಕಾಫಿ ಬೀಜವನ್ನು ಅದರ ಮೇಲಿಟ್ಟರೆ ನಮ್ಮ ತೋಟ, ಮನೆ, ಕಣ, ಲೈನು ಮನೆ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಸರ್ವೆ ಆಫ್ ಇಂಡಿಯಾದವರ ಅದೇ ಪ್ರಮಾಣದ ನಕ್ಷೆಯಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು. ಮನೆ ಕಟ್ಟಲು ನಾವು ಹಿತ್ತಿಲಲ್ಲಿ ಕಡಿದ 20 ಅಡಿಯ ದರೆ ಆ ಎರಡು ಗೆರೆಗಳ ನಡುವೆ ಮಾಯವಾಗುತ್ತದೆ. ದೊಡ್ಡ ಎಸ್ಟೇಟಿನವರು ಹಣ ಕೊಟ್ಟು ತಜ್ಞರನ್ನು ಕರೆಸಿಯಾರು. ಎರಡು, ಮೂರು, ಐದು ಎಕರೆಯ ನಾವು ಯಾರನ್ನು ಕರೆಸೋಣ?

1:2,000 ಪ್ರಮಾಣದಲ್ಲಿ ಬರೆದರೆ ಅದೇ 5 ಎಕರೆ 7 ಸೆಂಟಿಮೀಟರು, ಅಂಗೈಯಗಲ ಆಗುತ್ತದೆ. ಅದರಲ್ಲಿ ದರೆ, ಒರತೆ, ಬಿರುಕು, ಬಸಿಗಾಲುವೆ ಎಲ್ಲವನ್ನೂ ಗುರುತಿಸಬಹುದು. ಅಂತಹ ನಕ್ಷೆ ಕಾಲ್ನಡಿಗೆಯಿಂದ ಮಾತ್ರ ಸಾಧ್ಯ. ಕಾಲ್ನಡಿಗೆಯಲ್ಲಿ ನಕ್ಷೆ ಬರೆಯುವುದೇ ಪಾಠವಾಗಿರುವ ಮಕ್ಕಳು ನಮ್ಮ ಗೇಟಿನ ಮುಂದೆ ನಿಂತಿದ್ದರು.

ಈಗ ನಮ್ಮವರ ಭಯದ ವಿಚಾರ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. 2013ರಲ್ಲಿ ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ ವರದಿ ಕೊಟ್ಟಂದಿನಿಂದ ಮಲೆನಾಡಿನ ರೈತ ನೆಮ್ಮದಿಯಾಗಿ ಮಲಗಿಲ್ಲ. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಹೊರಡಿಸಿದ ಆರನೆಯ ಕರಡು ಅಧಿಸೂಚನೆಯಲ್ಲಿ ಕರ್ನಾಟಕವೊಂದರದೇ 20,668 ಚದರ ಕಿಲೋಮೀಟರು ಸೇರಿತ್ತು. ಕೈಯಲ್ಲಿ ನಕ್ಷೆ ಹಿಡಿದವನನ್ನು ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆ ವರದಿಯ ಸಾಧಕ ಬಾಧಕಗಳನ್ನು ಚರ್ಚಿಸಲು ಈ ಲೇಖನ ಹೊರಟಿಲ್ಲ. ಒಂದು ಮಾತನ್ನು ಮಾತ್ರ ಕೇಳುತ್ತೇವೆ. ಆ ವರದಿಯ ಮೇಲೆ ನಮ್ಮ ಮುಖ್ಯ ದೂರು ಏನಾಗಿತ್ತು? ಆಕಾಶದಿಂದ ತೆಗೆದ ಚಿತ್ರ ನೋಡಿ ಗೆರೆ ಎಳೆದರು, ನೆಲಕ್ಕೆ ಇಳಿದು ನೋಡಲಿಲ್ಲ, ತೋಟಕ್ಕೂ ಕಾಡಿಗೂ ವ್ಯತ್ಯಾಸ ತಿಳಿಯಲಿಲ್ಲ, ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದಲ್ಲವೇ? ಸಭೆಗಳಲ್ಲಿ ಹೀಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ ನಾವೇ, ನೆಲಕ್ಕೆ ಇಳಿದು, ನಡೆದು, ನಮ್ಮನ್ನು ಕೇಳಿ ತಿಳಿಯಲು ಬಂದವರ ಮೇಲೆ ನಾಯಿ ಬಿಟ್ಟರೆ ಆ ದೂರಿಗೆ ಬೆಲೆ ಎಲ್ಲಿ ಉಳಿಯಿತು?

ಅಂದು ಸಂಜೆ ನಮ್ಮ ಸದಸ್ಯರೊಬ್ಬರು ಅವರನ್ನು ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ಅವರದು ನಾಲ್ಕೂವರೆ ಎಕರೆ. ಮೇಲೆ ಕಾಫಿ, ಕೆಳಗೆ ಹಳ್ಳದ ಮಗ್ಗುಲಿಗೆ ಅಡಿಕೆ. ಮರುದಿನ ನಾವೂ ಹೋಗಿದ್ದೆವು. ವಿದ್ಯಾರ್ಥಿನಿಯೊಬ್ಬಳು ಸಿಲ್ವರ್ ಓಕ್ ಮರಗಳ ಸಾಲೊಂದರ ಮುಂದೆ ನಿಂತು, ಇವುಗಳ ಬುಡ ಯಾಕೆ ಒಂದೇ ಕಡೆಗೆ ಬಾಗಿ ಆಮೇಲೆ ನೆಟ್ಟಗಾಗಿವೆ ಎಂದು ಕೇಳಿದಳು. ಗಾಳಿಗೆ ಎಂದರು ತೋಟದವರು. ಗಾಳಿಗಾದರೆ ಮರ ಪೂರ್ತಿ ವಾಲಬೇಕಲ್ಲವೇ, ಬುಡದಲ್ಲಿ ಮಾತ್ರ ಬಾಗಿದ್ದರೆ ಮಣ್ಣು ಕೆಳಕ್ಕೆ ಸರಿಯುತ್ತಿರಬಹುದು ಎಂದಳು ಆಕೆ. ಮೇಲೆ ಹತ್ತಿ ನೋಡಿದಾಗ ದರಗಿನಡಿಯಲ್ಲಿ ಬಿಲ್ಲಿನಂತೆ ಬಾಗಿದ, ಒಂದು ಗೇಣು ಅಗಲ, ನಲವತ್ತು ಹೆಜ್ಜೆ ಉದ್ದದ ಬಿರುಕು ಸಿಕ್ಕಿತು. ಅಜ್ಜನ ಕಾಲದ ಅಗಳು ಇರಬೇಕೆಂದು ಮನೆಯವರೆಲ್ಲ ತಿಳಿದಿದ್ದರು. ಅದರ ಕೆಳಗೇ ತೊಟ್ಟಿಲು ಗುಂಡಿಗಳ ಮೂರು ಸಾಲು. ನೀರು ಇಂಗಲೆಂದು ನಾವೇ ಈ ಪತ್ರಿಕೆಯಲ್ಲಿ ಬರೆದು ತೆಗೆಸಿದ ಗುಂಡಿಗಳು ಅವು! ಅದಕ್ಕೂ ಕೆಳಗೆ ಲೈನು ಮನೆ, ಮೂರು ಸಂಸಾರ.

ಅಧ್ಯಾಪಕರು ಹೆದರಿಸಲಿಲ್ಲ. ಬೆಟ್ಟ ಯಾವತ್ತು ಜಾರುತ್ತದೆಂದು ಯಾವ ಭೂವಿಜ್ಞಾನಿಯೂ ಹೇಳಲಾರ ಎಂದರು. ಬಿರುಕಿಗೆ ಜೇಡಿಮಣ್ಣು ತುಂಬಿ ಬಿಗಿಮಾಡಿ, ಮೇಲಿನ ನೀರನ್ನು ಕಾಲುವೆಯಲ್ಲಿ ಪಕ್ಕದ ಹಳ್ಳಕ್ಕೆ ತಿರುಗಿಸಿ, ಆ ಜಾಗದ ಗುಂಡಿಗಳನ್ನು ಮುಚ್ಚಿ, ತಾಲ್ಲೂಕು ಕಛೇರಿಗೆ ಬರೆದು ತಿಳಿಸಿ, ಮಳೆ ಜೋರಾದಾಗ ಲೈನಿನವರನ್ನು ಬೇರೆಡೆ ಮಲಗಿಸಿ ಎಂದರು. ಹಾಗೆಯೇ ಮಾಡಲಾಯಿತು. ಜುಲೈಯಲ್ಲಿ ಬಿರುಕು ಇನ್ನೂ ನಾಲ್ಕು ಬೆರಳು ಅಗಲವಾಯಿತು. ಮೂರು ಸಂಸಾರಗಳೂ ಹನ್ನೆರಡು ರಾತ್ರಿ ನಮ್ಮ ಹಳೆಯ ಗೋದಾಮಿನಲ್ಲಿ ಮಲಗಿದವು. ಬೆಟ್ಟ ಜಾರಲಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಜೀವ ಉಳಿಸಿದರೆಂದು ನಾವು ಬರೆಯುವುದಿಲ್ಲ. ಆದರೆ ಆ ಹನ್ನೆರಡು ರಾತ್ರಿ ಆ ತೋಟದವರು ಯಾವುದಕ್ಕೆ ಹೆದರಬೇಕೆಂದು ತಿಳಿದು ಹೆದರಿದರು. ನಾವು ಉಳಿದವರು ಏನೂ ತಿಳಿಯದೆ ನಿದ್ದೆ ಮಾಡಿದೆವು.

ಕಲಿಯುವವರು ಅವರು ಮಾತ್ರ ಎಂದುಕೊಳ್ಳಬೇಡಿ. ಅವರಿಗೆ ಕಲಿಸಲು ನಮ್ಮಲ್ಲಿಯೂ ಬೇಕಾದಷ್ಟಿದೆ. ಬಾವಿ ತೋಡಿಸಿದ ಪ್ರತಿಯೊಬ್ಬರಿಗೂ ಎಷ್ಟು ಅಡಿಗೆ ಜಂಬಿಟ್ಟಿಗೆ ಬಂತು, ಎಷ್ಟಕ್ಕೆ ಶೇಡಿ, ಎಷ್ಟಕ್ಕೆ ಕಲ್ಲು ಎಂಬುದು ನೆನಪಿದೆ. ಯಾವ ಒರತೆ ಏಪ್ರಿಲಿನಲ್ಲಿ ಬತ್ತುತ್ತದೆ, ಯಾವುದು ಮೇ ಕೊನೆಯವರೆಗೆ ಹರಿಯುತ್ತದೆ ಎಂಬುದು ನಮಗಲ್ಲದೆ ಇನ್ನಾರಿಗೆ ಗೊತ್ತು? ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಡೈರಿಯಲ್ಲಿ ಬರೆದಿಡುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರಿನಿಂದ ಇದೆ. ಹಳೆಯ ಟ್ರಂಕಿನಲ್ಲಿ ಗೆದ್ದಲು ತಿನ್ನುತ್ತಿರುವ ಆ ಡೈರಿಗಳನ್ನು ಕಂಡು ಬಂದಿದ್ದ ಅಧ್ಯಾಪಕರು ನಿಧಿ ಸಿಕ್ಕಿದವರಂತೆ ಹಿಗ್ಗಿದರು. ಬೋರ್‌ವೆಲ್ಲಿನ ವಿಚಾರವೂ ಹಾಗೆಯೇ. ಗಟ್ಟಿ ಕಲ್ಲಿನ ನಾಡಿನಲ್ಲಿ ನೀರು ಇರುವುದು ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳ ದಿಕ್ಕು ತಿಳಿದರೆ, ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ನೀರು ತೋರಿಸುವವರಿಗೆ ಕೊಡುವ ಹಣವಾದರೂ ಉಳಿದೀತು.

ಕಣ್ಣು ಮುಚ್ಚಿಕೊಂಡು ಗೇಟು ತೆರೆಯಬೇಕೆಂದು ನಾವು ಹೇಳುವುದಿಲ್ಲ. ಮುಂದಿನ ಬೇಸಿಗೆಗೆ ಮೊದಲೇ ಸಂಘದ ಆಡಳಿತ ಮಂಡಳಿ ಈ ಕೆಳಗಿನ ಕರಾರುಗಳನ್ನು ಗೊತ್ತುಮಾಡಬೇಕೆಂದು ಸೂಚಿಸುತ್ತೇವೆ.

ಒಂದು, ಬರುವ ವಿಭಾಗದ ಮುಖ್ಯಸ್ಥರು ಫೆಬ್ರವರಿಯೊಳಗೆ ಸಂಘಕ್ಕೆ ಕಾಗದ ಬರೆದು, ಯಾರು, ಎಷ್ಟು ಮಂದಿ, ಎಷ್ಟು ದಿನ ಎಂದು ತಿಳಿಸಬೇಕು. ಸಂಘದ ಗುರುತಿನ ಚೀಟಿ ಇದ್ದವರಿಗೆ ಸದಸ್ಯರು ಪ್ರವೇಶ ಕೊಡಬೇಕು.

ಎರಡು, ತೋಟದವರ ಒಪ್ಪಿಗೆ ಇಲ್ಲದೆ ಕಲ್ಲು, ಮಣ್ಣಿನ ಮಾದರಿ ಒಯ್ಯಬಾರದು. ಸರ್ವೆ ನಂಬರು, ಗಡಿ, ಹಕ್ಕುದಾರಿಕೆ ಇವು ನಕ್ಷೆಯಲ್ಲಿ ಬರಬಾರದು.

ಮೂರು, ಮಾಡಿದ ನಕ್ಷೆಯ ಒಂದು ಪ್ರತಿ, ಅಧ್ಯಾಪಕರು ಪರಿಶೀಲಿಸಿ ರುಜು ಹಾಕಿ, ಕನ್ನಡದಲ್ಲಿ ವಿವರಣೆಯೊಂದಿಗೆ, ಮಳೆ ಹಿಡಿಯುವ ಮೊದಲು, ಅಂದರೆ ಮೇ ಮುಗಿಯುವುದರೊಳಗೆ ತೋಟದವರ ಕೈ ಸೇರಬೇಕು. ಪರೀಕ್ಷೆಯ ಅಂಕ ಬಂದ ಮೇಲೆ ನಕ್ಷೆ ಕಪಾಟು ಸೇರಿದರೆ ನಮಗೇನು ಲಾಭ? ಅಪಾಯದ ಗುರುತು ಕಂಡರೆ ಕಾಯದೆ ಅಂದೇ ಹೇಳಬೇಕು.

ನಾಲ್ಕು, ಸಂಘ ತನ್ನ ಪಾಲಿಗೆ ಮಹಡಿಯ ಎರಡು ಕೋಣೆಗಳನ್ನು ಹಾಸಿಗೆ, ನೀರು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಸಹಿತ ಬಿಟ್ಟುಕೊಡಬೇಕು. ವಸತಿಯ ಖರ್ಚೇ ಇಂತಹ ತರಬೇತಿಗೆ ದೊಡ್ಡ ತೊಡಕೆಂದು ಬಂದಿದ್ದ ಅಧ್ಯಾಪಕರು ಹೇಳಿದರು. ಕಾಫಿ ಕುಯ್ಲು, ಅಡಿಕೆ ಸುಲಿತ ಮುಗಿದ ಆ ದಿನಗಳಲ್ಲಿ ಒಂದು ಹೊತ್ತಿನ ಊಟವನ್ನು ಸರದಿಯ ಮೇಲೆ ಹಾಕುವುದು ನಮ್ಮ ಮನೆಗಳಿಗೆ ಭಾರವಲ್ಲ.

ಐದು, ಜೊತೆಗೆ ಊರಿನ ಒಬ್ಬರು ಇರಬೇಕು. ಆನೆ ಓಡಾಡುವ ಜಾಗ ಹೊರಗಿನವರಿಗೆ ತಿಳಿಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದೂ ಬೇಸಿಗೆಯಲ್ಲಿಯೇ. ಮಂಗ ಸತ್ತ ಸುದ್ದಿ ಇರುವ ಕಡೆಗೆ ಮಕ್ಕಳನ್ನು ಬಿಡಬಾರದು, ಉಣುಗಿಗೆ ಹಚ್ಚುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತರಿಸಿಡಬೇಕು.

ವಿಶ್ವವಿದ್ಯಾನಿಲಯಗಳ ಅಧ್ಯಾಪಕ ಮಹನೀಯರಿಗೂ ಒಂದು ಬಿನ್ನಹ. ಚಿನ್ನ, ಕಬ್ಬಿಣ ಇರುವ ಕಡೆ ಮಕ್ಕಳನ್ನು ಕರೆದೊಯ್ಯುವುದು ತಪ್ಪಲ್ಲ. ಆದರೆ ಜನ ಮಲಗುವ ಇಳಿಜಾರನ್ನು ಓದುವುದೂ ಭೂವಿಜ್ಞಾನವೇ. ಬಂಡೆ ಕಾಣದ ನಾಡಿನಲ್ಲಿ ಹಳ್ಳದ ತಳ, ಬಾವಿಯ ಗೋಡೆ, ರಸ್ತೆಯ ದರೆ ನೋಡಿ ನಕ್ಷೆ ಬರೆಯಬಲ್ಲವನು ಎಲ್ಲಿ ಹೋದರೂ ಬರೆದಾನು. ಒಂದು ವರ್ಷ ಬಂದು ಹೋದರೆ ಸಾಲದು. ಅದೇ ಊರಿಗೆ ವರ್ಷವರ್ಷವೂ ಬಂದರೆ ಹಿಂದಿನವರು ಅಳೆದ ಬಿರುಕನ್ನು ಮುಂದಿನವರು ಅಳೆದು, ಬೆಟ್ಟ ಎಷ್ಟು ಸರಿಯಿತೆಂದು ಹೇಳಬಹುದು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮಗೆಲ್ಲ ಗೊತ್ತು. ಬಾಗಿಲು ಮುಚ್ಚಿಯೂ ಕೆಡಬಹುದು. ಬೆಟ್ಟ ಜಾರಿದ ಮೇಲೆ ಮಂತ್ರಿಗಳಿಗೆ, ಅಧಿಕಾರಿಗಳಿಗೆ, ಪತ್ರಿಕೆಯವರಿಗೆ ನಮ್ಮ ಗೇಟು ತಾನಾಗಿ ತೆರೆಯುತ್ತದೆ. ಅಂದು ಯಾರೂ ನಾಯಿ ಬಿಡುವುದಿಲ್ಲ. ಅದಕ್ಕೆ ಮೊದಲು, ಬಿಸಿಲಿನಲ್ಲಿ ಬೆವರಿಳಿಸಿಕೊಂಡು "ಸ್ವಲ್ಪ ನೋಡಬಹುದೇ ಸಾರ್" ಎಂದು ಕೇಳುವ ಮಕ್ಕಳಿಗೆ ತೆರೆಯುವುದು ಒಳ್ಳೆಯದು. ಅವರೂ ಯಾವುದೋ ರೈತರ ಮನೆಯ ಮಕ್ಕಳೇ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರಬೇಕೆಂದಿದ್ದೇವೆ. ಒಪ್ಪದವರು ಅಂದು ಬಂದು ತಮ್ಮ ಮಾತನ್ನು ಹೇಳಬೇಕು. ಒಪ್ಪುವವರು ಈಗಲೇ ಒಂದು ಕೆಲಸ ಮಾಡಬಹುದು: ಹಳೆಯ ಮಳೆ ಡೈರಿಗಳನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿ ಇಡಿ, ಮತ್ತು ಮನೆಯ ಮೇಲಿನ ಇಳಿಜಾರನ್ನು ಒಮ್ಮೆ ಹತ್ತಿ, ದರಗು ಸರಿಸಿ ನೋಡಿ ಬನ್ನಿ ಎಂದು ಬೆಳೆಗಾರ ಬಾಂಧವರಲ್ಲಿ ಕೋರುತ್ತೇವೆ.